ಮರಳುವ ಮರಳು, ಮರಳದ ಉಸುಕು



ನನ್ನ ತಗಡಿನ ಟ್ರಂಕಿನ ತಳದಲ್ಲಿ, ಹಳೆಯ ಪಾಠಟಿಪ್ಪಣಿಗಳ ಕೆಳಗೆ, ಇನ್ನೂರು ಪುಟಗಳ ಒಂದು ನೋಟುಬುಕ್ಕು ಇತ್ತು. ಅದರ ರಟ್ಟಿನ ಮೇಲೆ ವಿದ್ಯಾರ್ಥಿಯೊಬ್ಬನ ದುಂಡನೆಯ ಅಕ್ಷರಗಳಲ್ಲಿ ‘ಉಸುಕಿನ ವಹಿ’ ಎಂದು ಬರೆದಿದೆ. 1986ರಿಂದ 1997ರವರೆಗೆ ನಮ್ಮ ಪ್ರೌಢಶಾಲೆಯಲ್ಲಿ ಓದಿದವರಿಗೆ ಈ ವಹಿಯ ನೆನಪು ಇದ್ದೀತು. ಇಪ್ಪತ್ತೈದು ವರ್ಷಗಳ ಕಾಲ ನಾನು ಅದನ್ನು ತೆರೆದಿರಲಿಲ್ಲ. ಮರೆತು ಹೋಗಿತ್ತೆಂದಲ್ಲ, ತೆರೆಯಲು ಮನಸ್ಸಾಗಿರಲಿಲ್ಲ. 2023ರ ಜನವರಿಯಲ್ಲಿ ಮಂಗಳೂರಿನಿಂದ ಊರಿಗೆ ಮರಳಿದ ದಿನವೇ ಹುಡುಕಿ ತೆಗೆದೆ. ಅದರ ಕಥೆಯನ್ನು ಮೊದಲಿನಿಂದ ಹೇಳುವುದು ಒಳ್ಳೆಯದು.

ನಾನು ಬಿ.ಎಡ್. ಮುಗಿಸಿ, ಹುನಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿನ ಒಂದು ಊರಿನ ಪ್ರೌಢಶಾಲೆಗೆ ಸಹಶಿಕ್ಷಕನಾಗಿ ಸೇರಿದ್ದು 1985ರಲ್ಲಿ. ಮರುವರ್ಷದ ಜನವರಿಯಲ್ಲಿ ಮಕ್ಕಳನ್ನು ಬಾದಾಮಿಗೆ ಪ್ರವಾಸಕ್ಕೆ ಕರೆದೊಯ್ದೆವು. ಮೇಣಬಸದಿಗಳನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಗುಡ್ಡ ಹತ್ತುತ್ತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದು ಹಾಸುಬಂಡೆಯ ಮುಂದೆ ನಿಂತುಬಿಟ್ಟಳು. ಬಂಡೆಯ ಮೈಮೇಲೆ ಸಾಲುಸಾಲಾಗಿ ಅಲೆಯಂತಹ ಗೆರೆಗಳಿದ್ದವು. “ಸರ, ಕಲ್ಲಿನ ಮ್ಯಾಲ ನೀರಿನ ತೆರಿ ಯಾರು ಕೆತ್ತ್ಯಾರ್ರೀ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಆ ವಯಸ್ಸಿನಲ್ಲಿ ಇರಲಿಲ್ಲ. “ಚಾಲುಕ್ಯರ ಕಾಲದ ಶಿಲ್ಪಿಗಳು ಕೆತ್ತಿರಬೇಕು” ಎಂದುಬಿಟ್ಟೆ.

ಮನಸ್ಸು ಒಪ್ಪಲಿಲ್ಲ. ಬಾಗಲಕೋಟೆಯಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಪರಿಚಿತ ಉಪನ್ಯಾಸಕರೊಬ್ಬರನ್ನು ಕೇಳಿದಾಗ ಅವರು ನಕ್ಕರು. ಅದನ್ನು ಕೆತ್ತಿದ್ದು ನೀರೇ. ಬಾದಾಮಿಯ ಮರಳುಗಲ್ಲು ಒಂದು ಕಾಲದಲ್ಲಿ ಸಡಿಲವಾದ ಉಸುಕಾಗಿತ್ತು. ಹಳೆಯ ನದಿಗಳೂ ಆಳವಿಲ್ಲದ ಕಡಲೂ ಹರಡಿದ ಆ ಉಸುಕು ಪದರಪದರವಾಗಿ ಹುಗಿದು, ಒತ್ತಿ, ಗಟ್ಟಿಯಾಗಿ ಕಲ್ಲಾಯಿತು. ಭೂಮಿಯ ಮೇಲೆ ಮೀನು, ಮರ, ಹಕ್ಕಿ ಯಾವುದೂ ಹುಟ್ಟುವುದಕ್ಕಿಂತ ಕೋಟ್ಯಂತರ ವರ್ಷಗಳ ಮೊದಲಿನ ಮಾತಿದು. ನಮ್ಮ ಭಾಗದ ಈ ಶಿಲಾಸಮೂಹವನ್ನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಊರೂರು ತಿರುಗಿ ನೋಡಿ, 1876ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಅದಕ್ಕೆ ನಮ್ಮ ಕಲಾದಗಿಯ ಹೆಸರೇ ನಿಂತಿದೆ. ನೀರು ಹಿಂದೆಮುಂದೆ ತೂಗಾಡುವ ಕಡೆ ಮೂಡುವ ತೆರೆಗುರುತಿಗೆ ಎರಡೂ ಮಗ್ಗುಲು ಸಮನಾದ ಇಳಿಜಾರು ಇರುತ್ತದೆ. ಒಂದೇ ದಿಕ್ಕಿಗೆ ಹರಿಯುವ ಹೊಳೆಯ ತೆರೆಗುರುತಿಗೆ ಮೇಲುಗಡೆ ನಿಧಾನದ ಏರು, ಹರಿವಿನ ಕಡೆಗೆ ಕಡಿದಾದ ಇಳಿತ. “ನಿಮ್ಮ ಊರ ಹೊಳಿಯೊಳಗ ಹೋಗಿ ನೋಡ್ರಿ, ಇವತ್ತೂ ಬರಿಯಾಕತ್ತೈತಿ” ಎಂದರು.

ಮರುದಿನವೇ ತರಗತಿಯಲ್ಲಿ ಆ ಹುಡುಗಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು, ಎಲ್ಲರನ್ನೂ ಹೊಳೆಗೆ ಕರೆದುಕೊಂಡು ಹೋದೆ. ಹೇಳಿದಂತೆಯೇ ಇತ್ತು. ನಮ್ಮ ಹೊಳೆಯ ಉಸುಕಿನಲ್ಲಿ ಬಾದಾಮಿ ಗುಡ್ಡಗಳಿಂದ ಸವೆದು ಬಂದ ಕಣಗಳಿವೆ. ಅಂದರೆ ಕಲ್ಲಾದ ಉಸುಕು ಮತ್ತೆ ಉಸುಕಾಗಿ ನಮ್ಮ ಕಾಲಡಿ ಬಿದ್ದಿದೆ. ಪಟ್ಟದಕಲ್ಲಿನ ಗುಡಿಗಳೂ ಅದೇ ಉಸುಕಿನ ಇನ್ನೊಂದು ರೂಪ. ಇಲಕಲ್ಲಿನ ಕೆಂಪು ಗ್ರಾನೈಟು ಬಿಸಿಲು ಮಳೆಗೆ ಸವೆದರೂ ಕೊನೆಗೆ ಉಳಿಯುವುದು ಬೆಣಚಿನ ಕಣವೇ. ಇದನ್ನೆಲ್ಲ ವಿವರಿಸಿ, ಭಾಷಣದ ಹುರುಪಿನಲ್ಲಿ, “ಈ ಉಸುಕು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಮುಂದೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ತಲುಪಿ, ಅಲ್ಲಿನ ಕಡಲತೀರವಾಗುತ್ತದೆ” ಎಂದೆ. ಹಿಂದಿನಿಂದ ಒಂದು ದನಿ ಬಂತು: “ಸರ, ಉಸುಕು ಡ್ಯಾಮ್ ಹೆಂಗ ದಾಟತೈತ್ರೀ?”

ಅದಕ್ಕೂ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಬಾರಿ ಸುಳ್ಳು ಹೇಳಲಿಲ್ಲ. ಮೇಲೆ ನವಿಲುತೀರ್ಥದ ಅಣೆಕಟ್ಟು 1972ರಲ್ಲಿಯೇ ಆಗಿತ್ತು. ಕೆಳಗೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು, ಹಿನ್ನೀರು ಕೂಡಲಸಂಗಮದವರೆಗೆ ನಿಲ್ಲುತ್ತಿತ್ತು. ನಿಂತ ನೀರು ಉಸುಕನ್ನು ಹೊರಲಾರದು. ನಮ್ಮ ಹೊಳೆ ಈ ಎರಡು ಬಾಗಿಲುಗಳ ನಡುವಿನ ಒಂದು ಅಂಗಳದಂತಾಗಿತ್ತು. ಆ ಅಂಗಳಕ್ಕೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ? “ನಾವೇ ಎಣಿಸೋಣ” ಎಂದೆ. ಹೀಗೆ ಉಸುಕಿನ ವಹಿ ಹುಟ್ಟಿತು.

ಎಣಿಸುವ ಬಗೆ ಸರಳವಾಗಿತ್ತು. ಊರ ಗುಡಿಯ ಮುಂದಿನ ಘಟ್ಟದ ಪಾವಟಿಗೆಗಳು ಉಸುಕಿನೊಳಗೆ ಇಳಿದು ಹೋಗಿದ್ದವು. ಒಟ್ಟು ಎಷ್ಟೆಂದು ಹಿರಿಯರಿಗೂ ತಿಳಿದಿರಲಿಲ್ಲ. ಮೇಲಿನಿಂದ ಎಷ್ಟು ಪಾವಟಿಗೆ ಕಾಣುತ್ತವೆಯೋ ಅಷ್ಟನ್ನು ವರ್ಷಕ್ಕೆ ಎರಡು ಸಲ ಬರೆಯುವುದು. ಜೂನ್‌ನಲ್ಲಿ ಶಾಲೆ ತೆರೆದ ವಾರ ಒಮ್ಮೆ, ದೀಪಾವಳಿ ರಜೆಯ ನಂತರ ಇನ್ನೊಮ್ಮೆ. ಉಸುಕು ತಗ್ಗಿದರೆ ಕಾಣುವ ಪಾವಟಿಗೆ ಹೆಚ್ಚು, ಏರಿದರೆ ಕಡಿಮೆ. ಪಕ್ಕದಲ್ಲಿ ‘ಷರಾ’ ಎಂಬ ಒಂದು ಕಾಲಂ. ಮಳೆ, ಹೊಳೆ ಬಂದ ದಿನ, ಬೆಣ್ಣಿಹಳ್ಳದ ನೆರೆ, ಜಾತ್ರೆ, ಏನು ವಿಶೇಷವಿದ್ದರೂ ಅಲ್ಲಿ ಬರೆಯಬೇಕು.

1986ರ ಜೂನ್‌ನಲ್ಲಿ ಏಳು ಪಾವಟಿಗೆ, ದೀಪಾವಳಿಯ ನಂತರ ಐದು. ಮೊದಲ ನಾಲ್ಕೈದು ವರ್ಷ ಐದು, ಎಂಟು, ಆರು, ಏಳು ಎಂದು ಅಂಕಿಗಳು ಉಯ್ಯಾಲೆಯಾಡಿವೆ. ಬೇಸಗೆಯಲ್ಲಿ ಇಳಿದದ್ದನ್ನು ಮಳೆಗಾಲ ಹೆಚ್ಚುಕಡಿಮೆ ತುಂಬಿಕೊಡುತ್ತಿತ್ತು. ಬೇಸಗೆಯಲ್ಲಿ ಹೊಳೆ ಬತ್ತಿದಂತೆ ಕಂಡರೂ, ಉಸುಕಿನಲ್ಲಿ ಮೊಳದುದ್ದ ಅಗೆದರೆ ಒರತೆ ಸಿಗುತ್ತಿತ್ತು. ಹೆಣ್ಣುಮಕ್ಕಳು ತಂಬಿಗೆಯಿಂದ ತೋಡಿ, ಬಟ್ಟೆಯಲ್ಲಿ ಸೋಸಿ, ಕೊಡ ತುಂಬಿ ಒಯ್ಯುತ್ತಿದ್ದರು. ಉಸುಕಿನ ಕಣಗಳ ನಡುವಿನ ತೆರಪಿನಲ್ಲಿ ಕುಳಿತ ನೀರು ಬಿಸಿಲಿಗೆ ಆರದೆ ಉಳಿಯುತ್ತದೆ. ದಂಡೆಯ ಬಾವಿಗಳಿಗೂ ಅದೇ ಆಸರೆ.

1991ರಿಂದ ಅಂಕಿ ಒಂದೇ ದಿಕ್ಕಿಗೆ ನಡೆಯತೊಡಗಿತು. ಒಂಬತ್ತು, ಹತ್ತು, ಹನ್ನೆರಡು. ಷರಾ ಕಾಲಮಿನಲ್ಲಿ ‘ಲಾರಿ’, ‘ಟ್ರ್ಯಾಕ್ಟರ್’ ಎಂಬ ಮಾತುಗಳು ಹೆಚ್ಚಾದವು. ಊರುಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮನೆಗಳು ಹೋಗಿ ಆರ್.ಸಿ.ಸಿ. ಮನೆಗಳು ಏಳುತ್ತಿದ್ದ ಕಾಲ ಅದು. ಇಲಕಲ್ಲಿನಲ್ಲಿ ನಾನೂ ಸಾಲ ಮಾಡಿ 1995ರಲ್ಲಿ ಒಂದು ಮನೆ ಕಟ್ಟಿಸಿದೆ. ಉಸುಕು ಎಲ್ಲಿಂದ ಬರುತ್ತದೆ ಎಂದು ಗೌಂಡಿಯನ್ನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ; ನನಗೆ ಗೊತ್ತಿತ್ತು.

ಆ ವರ್ಷ ವಹಿಯ ಹೊಣೆ ಹೊತ್ತಿದ್ದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಹೊಳೆದಂಡೆಯಲ್ಲಿ ಅವರದು ಮೂರೆಕರೆ ಹೊಲ, ಒಂದು ಬಾವಿ. ದೀಪಾವಳಿಯ ನಂತರದ ಎಣಿಕೆಯ ಮುಂದೆ ಅವನು ಷರಾ ಕಾಲಮಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ: ‘ಗುರುಗಳ ಮನೆಗೆ 18 ಬ್ರಾಸ್.’ ಅವನಲ್ಲಿ ಕುಚೋದ್ಯವಿರಲಿಲ್ಲ. ವಿಶೇಷವಿದ್ದದ್ದನ್ನು ಬರೆಯಬೇಕೆಂದು ನಾನೇ ಕಲಿಸಿದ್ದೆ, ಅವನು ಬರೆದಿದ್ದ. ನಾನು ಅದನ್ನು ಓದಿ, “ಇದೆಲ್ಲ ಬರೆಯುವ ಅಗತ್ಯವಿಲ್ಲ” ಎಂದು ರಬ್ಬರನ್ನು ಅವನ ಕೈಗೆ ಕೊಟ್ಟೆ. ಅವನು ಏನೂ ಮಾತನಾಡದೆ ಒರೆಸಿದ.

1996ರಲ್ಲಿ ಜೂನ್‌ಗೂ ಹದಿನೈದು, ದೀಪಾವಳಿಗೂ ಹದಿನೈದು. ಮೊದಲ ಸಲ ಮಳೆಗಾಲ ಏನನ್ನೂ ಹಿಂದಿರುಗಿಸಿರಲಿಲ್ಲ. 1997ರ ಜೂನ್‌ನಲ್ಲಿ ಹದಿನೇಳು. ಆಮೇಲಿನ ಪುಟಗಳು ಖಾಲಿ. ಎಸ್.ಎಸ್.ಎಲ್.ಸಿ. ಪಠ್ಯಕ್ರಮ ಭಾರವಾಗಿದೆ, ಸಮಯವಿಲ್ಲ ಎಂದು ಮಕ್ಕಳಿಗೆ ಹೇಳಿದೆ. ನನ್ನನ್ನು ಯಾರೂ ತಡೆದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಅಂಕಿ ನನ್ನನ್ನು ನೋಡುತ್ತಿತ್ತು, ನನಗೆ ಅದರ ಮುಖ ನೋಡಲಾಗಲಿಲ್ಲ. ಅಷ್ಟೇ.

ಈಗ ಮಂಗಳೂರಿನ ಮಾತು. ತಂಗಿಯ ಮಗನಿಗೆ ಅಲ್ಲಿ ನೌಕರಿ. 2022ರ ಆಗಸ್ಟಿನಲ್ಲಿ ಅವನ ಮನೆಗೆ ಹೋದಾಗ ಒಂದು ಸಂಜೆ ದೂರವಾಣಿ ಬಂತು: “ಸರ, ನಾನ್ರೀ… ಉಸುಕಿನ ವಹಿ ಬರೀತಿದ್ನೆಲ್ರೀ.” ರಬ್ಬರಿನಿಂದ ಒರೆಸಿದ ಹುಡುಗನೇ. ನಾನು ಬಂದಿರುವ ಸುದ್ದಿ ಅವನಿಗೆ ಊರಿನವರಿಂದ ತಿಳಿದಿತ್ತು. 2003ರ ಬರಗಾಲದಲ್ಲಿ ಅವರ ಬಾವಿ ಬತ್ತಿ, ನಮ್ಮ ಭಾಗದ ಎಷ್ಟೋ ಜನರಂತೆ ಅವನೂ ಕರಾವಳಿಗೆ ದುಡಿಯಲು ಬಂದವನು. ಗಾರೆ ಕಲೆಸುವ ಕೆಲಸದಿಂದ ಆರಂಭಿಸಿ, ಗೌಂಡಿಯಾಗಿ, ಈಗ ಸಣ್ಣ ಗುತ್ತಿಗೆದಾರ. ಬಾವಿಯ ಮಾತನ್ನು ಅವನು ಬರದ ಮಾತಾಗಿಯೇ ಹೇಳಿದ, ಉಸುಕಿನ ಮಾತಾಗಿ ಹೇಳಲಿಲ್ಲ. ಹೊಳೆಯ ತಳ ತಗ್ಗಿದರೆ ದಂಡೆಯ ಬಾವಿಯ ನೀರೂ ತಗ್ಗುತ್ತದೆ ಎಂದು ಅವನಿಗೆ ಪಾಠ ಹೇಳಿದವನು ನಾನೇ.

ಮರುದಿನ ತನ್ನ ಬೈಕಿನಲ್ಲಿ ತಣ್ಣೀರುಬಾವಿಯ ಕಡಲತೀರಕ್ಕೆ ಕರೆದೊಯ್ದ. ತೀರ ಎಲ್ಲಿತ್ತು? ಚಿತ್ರಗಳಲ್ಲಿ ನೋಡಿದ್ದ ಅಗಲವಾದ ಮರಳ ಬಯಲು ಇರಲಿಲ್ಲ. ಕೆಂಪುಮಿಶ್ರಿತ ಅಲೆಗಳು ಗಾಳಿಮರಗಳ ಕಡೆಗೆ ನುಗ್ಗುತ್ತಿದ್ದವು. ಒಂದು ಸಿಮೆಂಟು ಕಂಬದ ಬುಡ ತೊಳೆದುಹೋಗಿ, ಅದರ ಒರಟು ಅಡಿಪಾಯ ಹೊರಬಿದ್ದಿತ್ತು. “ಇಲ್ಲಿಯೂ ಒಯ್ದರೇನಪ್ಪಾ?” ಎಂದೆ. ಅವನು ನಕ್ಕ. “ಇಲ್ಲಿ ಒಯ್ದಾಂವ ಹೊಳ್ಳಿ ತಂದು ಕೊಡ್ತಾನ್ರೀ ಸರ. ಸಂಕ್ರಮಣಕ್ಕ ಬರ್ರಿ, ತೋರಸ್ತೇನಿ.”

ನನಗೆ ಕುತೂಹಲ ತಡೆಯಲಾಗಲಿಲ್ಲ. ಆ ನಾಲ್ಕು ತಿಂಗಳು ಸಿಕ್ಕಷ್ಟು ಓದಿದೆ. ಮುಂಗಾರಿನ ಅಲೆಗಳು ಎತ್ತರವಾದವು, ಒತ್ತೊತ್ತಾಗಿ ಬರುವಂಥವು. ಒಂದರ ನೀರು ಇಂಗುವ ಮೊದಲೇ ಇನ್ನೊಂದು ಬಂದು ಅಪ್ಪಳಿಸುತ್ತದೆ. ನೆನೆದ ದಂಡೆಯಿಂದ ಹಿಂದಕ್ಕೆ ಹರಿಯುವ ನೀರು ಮರಳನ್ನು ಕೆಳಗೆ ಎಳೆದೊಯ್ಯುತ್ತದೆ. ಆದರೆ ಬಹಳ ದೂರವೇನೂ ಒಯ್ಯುವುದಿಲ್ಲ. ಅಲೆಗಳು ಒಡೆಯುವ ಕಡೆ, ನೀರಿನೊಳಗೆ, ದಂಡೆಗೆ ಸಮಾನಾಂತರವಾಗಿ ಒಂದು ಮರಳ ಏರಿಯಾಗಿ ಪೇರಿಸುತ್ತದೆ. ಆ ಏರಿಗೆ ತಾಗಿ ದೊಡ್ಡ ಅಲೆಗಳು ಹೊರಗೇ ಮುರಿಯುವುದರಿಂದ, ಕಳೆದುಹೋದ ಮರಳೇ ಉಳಿದ ದಂಡೆಯನ್ನು ಕಾಯುತ್ತದೆ. ಮಳೆಗಾಲ ಮುಗಿದ ಮೇಲೆ ಅಲೆಗಳು ತಗ್ಗಿ, ನಿಡಿದಾಗಿ, ನಿಧಾನವಾಗಿ ಬರುತ್ತವೆ. ಅವು ಅದೇ ಮರಳನ್ನು ಹಿಡಿಹಿಡಿಯಾಗಿ ದಂಡೆಗೆ ತಳ್ಳುತ್ತವೆ. ಕೊಂಡೊಯ್ಯಲು ಕೆಲವು ದಿನಗಳ ಬಿರುಗಾಳಿ ಸಾಕು. ತಂದುಕೊಡಲು ತಿಂಗಳುಗಳು ಬೇಕು.

ಗ್ರಂಥಭಾಷೆಯಲ್ಲಿ ‘ಮರಳು’ ಎಂದರೆ ಉಸುಕೂ ಹೌದು, ಹಿಂದಿರುಗು ಎಂಬ ಅರ್ಥವೂ ಹೌದು. ನಮ್ಮ ಆಡುಮಾತಿನಲ್ಲಿ ಅದು ಉಸುಕು, ಹಿಂದಿರುಗುವುದಕ್ಕೆ ಹೊಳ್ಳುವುದು ಎನ್ನುತ್ತೇವೆ. ಎರಡಕ್ಕೂ ನಂಟಿಲ್ಲ. ಮೂವತ್ತು ವರ್ಷ ಪಾಠ ಹೇಳಿದರೂ ಈ ಸಂಗತಿ ನನಗೆ ಹೊಳೆದದ್ದು ಅಂದು, ಆ ಕಂಬದ ಬಳಿ.

2023ರ ಸಂಕ್ರಾಂತಿಗೆ ಮತ್ತೆ ಹೋದೆ. ಹೋಗುವಾಗ ಐದೈದು ಅಡಿಯ ಎರಡು ಕೋಲುಗಳಿಗೆ ಅಂಗುಲದ ಗುರುತು ಹಾಕಿಸಿ ಒಯ್ದಿದ್ದೆ. ಅಮೆರಿಕದ ಕೆ. ಓ. ಎಮರಿ ಎಂಬ ವಿಜ್ಞಾನಿ 1961ರಲ್ಲಿ ಬರೆದ ಉಪಾಯವಿದು. ಒಂದು ಕೋಲನ್ನು ಮೇಲುಗಡೆ ನಿಲ್ಲಿಸಬೇಕು. ಇನ್ನೊಂದನ್ನು ಗೊತ್ತಾದ ದೂರದಲ್ಲಿ ಕಡಲ ಕಡೆಗೆ ನಿಲ್ಲಿಸಬೇಕು. ಮೇಲಿನ ಕೋಲಿನ ಬಳಿ ನಿಂತು, ಕೆಳಗಿನ ಕೋಲಿನ ತುದಿಯೂ ದಿಗಂತದ ಗೆರೆಯೂ ಒಂದಾಗಿ ಕಾಣುವಂತೆ ಕಣ್ಣನ್ನು ತಗ್ಗಿಸಬೇಕು. ಆ ನೋಟ ಮೇಲಿನ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಹಾಯುತ್ತದೆಯೋ ದಂಡೆ ಅಷ್ಟು ಇಳಿದಿದೆ ಎಂದರ್ಥ. ಹೀಗೆ ಹೆಜ್ಜೆಹೆಜ್ಜೆಗೆ ಅಳೆಯುತ್ತ ನೀರಿನವರೆಗೆ ಹೋದರೆ ದಂಡೆಯ ಇಡೀ ಆಕಾರ ಕಾಗದದ ಮೇಲೆ ಮೂಡುತ್ತದೆ. ಒಂದು ಕ್ಷಣ ನೋಡಿ ನನ್ನ ಗೌಂಡಿ ಶಿಷ್ಯ ಹೇಳಿದ: “ಸಮುದ್ರನ ಲೆವೆಲ್ ಪೈಪ್ ಆತಲ್ರೀ ಸರ!” ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಅವನ ಮಾತು ನಿಜವಾಗಿತ್ತು. ಮರಳು ಬಂದಿತ್ತು. ಆಗಸ್ಟಿನಲ್ಲಿ ಹೊರಬಿದ್ದಿದ್ದ ಅಡಿಪಾಯ ಮುಚ್ಚಿಹೋಗಿ, ಕಂಬ ಮೂರೂವರೆ ಅಡಿಗಳಷ್ಟು ಮರಳೊಳಗೆ ಹುಗಿದಿತ್ತು. ಮಕ್ಕಳು ಅಲ್ಲಿ ಚೆಂಡಾಡುತ್ತಿದ್ದರು.

ಆದರೆ ಕಡಲೂ ಎಲ್ಲ ಕಡೆಯೂ ಸಾಲ ತೀರಿಸುವುದಿಲ್ಲ. ಅದನ್ನೂ ಅವನೇ ತೋರಿಸಿದ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ದಕ್ಷಿಣಕ್ಕೆ ಉಳ್ಳಾಲವಿದೆ. ದೋಣಿಗಳ ಓಡಾಟಕ್ಕೆ ಅನುಕೂಲವಾಗಲೆಂದು 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಲ್ಲಿನ ತಡೆಗೋಡೆಗಳನ್ನು ಕಟ್ಟಲಾಯಿತು. ಕಡಲ ಮರಳು ದಂಡೆಗೂ ನೀರಿಗೂ ನಡುವೆ ಹಿಂದೆಮುಂದೆ ಮಾತ್ರವಲ್ಲ, ದಂಡೆಯುದ್ದಕ್ಕೂ ಸಾಗುತ್ತದೆ. ಗೋಡೆ ಆ ದಾರಿಗೆ ಅಡ್ಡ ನಿಂತಿತು. ಉತ್ತರದ ಬೆಂಗ್ರೆಯ ಬದಿಯಲ್ಲಿ ಮರಳು ಕೂಡಿತು, ಉಳ್ಳಾಲದ ಬದಿಯಲ್ಲಿ ಕಡಲ್ಕೊರೆತ ಹೆಚ್ಚಿತು. ಅಲ್ಲಿ ತೆಂಗಿನ ಮರಗಳು ಹೋದವು, ಮನೆಗಳೂ ಹೋದವು. ಬಂಡೆಗಳನ್ನು ಸುರಿದರು, ಮುಂದೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ನೀರೊಳಗೆ ದಿಬ್ಬಗಳನ್ನು ಕಟ್ಟಿದರು. ಒಂದು ಮಳೆಗಾಲದಲ್ಲಿ ತಣ್ಣೀರುಬಾವಿಯನ್ನೂ ಉಳ್ಳಾಲವನ್ನೂ ನೋಡಿದವನಿಗೆ ಎರಡೂ ಒಂದೇ ಬಗೆಯಾಗಿ ಕಂಡಾವು. ಯಾವುದು ಋತುವಿನ ಏರಿಳಿತ, ಯಾವುದು ನಿಜವಾದ ನಷ್ಟ ಎಂಬುದು ಒಂದು ಸಲ ನೋಡಿದರೆ ತಿಳಿಯದು. ಒಂದೇ ಗುರುತಿನಿಂದ, ಒಂದೇ ಋತುವಿನಲ್ಲಿ, ವರ್ಷವರ್ಷವೂ ಅಳೆದವನಿಗೆ ಮಾತ್ರ ತಿಳಿಯುತ್ತದೆ.

ಉಳ್ಳಾಲದ ಬಂಡೆಗಳ ಮೇಲೆ ಕುಳಿತು ನಾನು ಯೋಚಿಸುತ್ತಿದ್ದದ್ದು ನಮ್ಮ ಪಾವಟಿಗೆಗಳನ್ನು. ನಾವು ಅಳೆಯುತ್ತಿದ್ದೆವು. ಹನ್ನೊಂದು ವರ್ಷ ಅಳೆದೆವು. 1996ರ ದೀಪಾವಳಿಯಲ್ಲಿ, ಮಳೆಗಾಲ ಏನನ್ನೂ ಮರಳಿಸದ ವರ್ಷದಲ್ಲಿ, ಇದು ಏರಿಳಿತವಲ್ಲ, ನಷ್ಟ ಎಂದು ವಹಿ ಸ್ಪಷ್ಟವಾಗಿ ಹೇಳಿತ್ತು. ಆ ಮಾತು ಆಡಿದೊಡನೆ ನಾನು ಅದನ್ನು ಟ್ರಂಕಿನಲ್ಲಿಟ್ಟೆ. ಗ್ರಾಮಸಭೆಯಲ್ಲಿ ಆ ಪುಟ ತೋರಿಸಿದ್ದರೆ ಲಾರಿಗಳು ನಿಲ್ಲುತ್ತಿದ್ದವು ಎಂದು ನಾನು ಹೇಳಲಾರೆ. ಆದರೆ ತೋರಿಸಲಿಲ್ಲ ಎಂಬುದಂತೂ ನಿಜ. ನನ್ನ ಪಾಲು ಹದಿನೆಂಟೇ ಬ್ರಾಸ್. ಅಂತಹ ಹದಿನೆಂಟುಗಳು ಊರೂರಿಗೆ ಎಷ್ಟೋ! 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಉಸುಕು ಮತ್ತು ಗರಸನ್ನು ಬಳಸುತ್ತದೆ.

ಡ್ಯಾಮಿನ ಪ್ರಶ್ನೆ ಕೇಳಿದ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ ಉತ್ತರವಿದು: ಬಹುಪಾಲು ದಾಟುವುದಿಲ್ಲ. ಕೃಷ್ಣೆಯ ನೀರಿನಲ್ಲಿ ತೇಲಿ ಮುಖಜಭೂಮಿಯತ್ತ ಸಾಗುತ್ತಿದ್ದ ಹೂಳು 1966–69ರಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಇದ್ದದ್ದು, 2000–2005ರ ಹೊತ್ತಿಗೆ ಸುಮಾರು 4 ಲಕ್ಷ ಟನ್ನಿಗೆ ಇಳಿದಿತ್ತೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ನಮ್ಮ ಹೊಳೆಗಳು ಕೊಡದಿದ್ದುದರಿಂದ ಅಲ್ಲಿ, ನಾವು ಎಂದೂ ಕಾಣದ ಆ ತೀರದಲ್ಲಿ, ಕಡಲು ನೆಲವನ್ನು ತಿನ್ನುತ್ತಿದೆ.

ನಾನು ನಿವೃತ್ತನಾದದ್ದು 2019ರ ಮೇ ತಿಂಗಳಲ್ಲಿ. ಆಗಸ್ಟಿನಲ್ಲಿ ಮಲಪ್ರಭೆಗೆ ಮಹಾಪೂರ ಬಂತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದ್ದು ನಿಮಗೆಲ್ಲ ನೆನಪಿದೆ. ಇಷ್ಟು ದೊಡ್ಡ ಹೊಳೆ ಉಸುಕನ್ನು ತಂದಿರಬಹುದೆಂಬ ಆಸೆಯಿಂದ ಘಟ್ಟಕ್ಕೆ ಹೋಗಿದ್ದೆ. ಬಂದಿದ್ದದ್ದು ಕರಿ ರಾಡಿ. ಕೊನೆಯ ಪಾವಟಿಗೆಯ ಕೆಳಗೆ ಬುನಾದಿಯ ಕಲ್ಲುಗಳು ಕಾಣುತ್ತಿದ್ದವು. ಒಟ್ಟು ಪಾವಟಿಗೆ ಇಪ್ಪತ್ತೆರಡು ಎಂಬುದು ಹಿರಿಯರಿಗೂ ತಿಳಿಯದಿದ್ದದ್ದು, ನನಗೆ ತಿಳಿಯಿತು.

2024ರ ಜೂನ್‌ನಲ್ಲಿ ಅದೇ ಶಾಲೆಗೆ ಹೋದೆ. ಅಲ್ಲಿ ಈಗ ವಿಜ್ಞಾನ ಕಲಿಸುವವರು ನನ್ನ ವಿದ್ಯಾರ್ಥಿನಿಯೇ; ಬಾದಾಮಿಯ ಬಂಡೆಯ ಮುಂದೆ ನಿಂತವಳ ತಂಗಿ. ವಹಿಯನ್ನು ಅವರ ಕೈಗಿತ್ತೆ. ಮಕ್ಕಳು ಘಟ್ಟಕ್ಕೆ ಹೋಗಿ ಎಣಿಸಿ, ಇಪ್ಪತ್ತೇಳು ವರ್ಷಗಳ ಖಾಲಿ ಜಾಗದ ಕೆಳಗೆ ‘22, ಬುನಾದಿ ಸಹಿತ’ ಎಂದು ಬರೆದರು. ಈಗ ಎಲ್ಲೆಡೆ ಎಂ-ಸ್ಯಾಂಡ್ ಬಂದಿದೆ. ಹೊಳೆಯ ಮೇಲಿನ ಒತ್ತಡ ಸ್ವಲ್ಪ ತಗ್ಗೀತು. ಅಂಕಿ ಎಂದಾದರೂ 21 ಆದರೆ ಅದನ್ನು ಬರೆದಿಡಲು ಯಾರಾದರೂ ಇರಬೇಕು.

ಕೊಡುವ ಮೊದಲು 1995ರ ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಪೆನ್ಸಿಲಿನ ಒತ್ತು ಇನ್ನೂ ಕಾಣುತ್ತದೆ. ಅದರ ಮೇಲೆ ಶಾಯಿಯಿಂದ, ನನ್ನದೇ ಅಕ್ಷರದಲ್ಲಿ, ‘ಗುರುಗಳ ಮನೆಗೆ 18 ಬ್ರಾಸ್’ ಎಂದು ತಿದ್ದಿ ಬರೆದು, ಕೆಳಗೆ ಸಹಿ ಮಾಡಿದೆ. ಮಂಗಳೂರಿಗೆ ದೂರವಾಣಿ ಮಾಡಿ ಅವನಿಗೂ ಹೇಳಿದೆ. ಸ್ವಲ್ಪ ಹೊತ್ತು ಅವನು ಮಾತನಾಡಲಿಲ್ಲ. ಆಮೇಲೆ, “ಇಪ್ಪತ್ತು ಆಗಿತ್ರೀ ಸರ, ನಾನು ಎರಡು ಕಡಿಮಿ ಬರದಿದ್ದೆ” ಎಂದ.

1988ರ ಪುಟವನ್ನು ಗೆದ್ದಲು ತಿಂದಿದೆ. ಆ ವರ್ಷ ವಹಿ ಬರೆದವರು ಯಾರಾದರೂ ಇದನ್ನು ಓದಿದರೆ, ಅಂಕಿ ನೆನಪಿದ್ದರೆ, ದಯವಿಟ್ಟು ತಿಳಿಸಿರಿ. ಇಪ್ಪತ್ತನ್ನು ನಾನು ತಿದ್ದಿದ್ದೇನೆ.